90 ಡಿಗ್ರಿ ಎಲ್ಲರಿಗೂ ಗೊತ್ತು, 45 ಮೀಟರ್ ಯಾರ ಲೆಕ್ಕ?

ಶಿರಾಡಿ ಘಾಟಿಗೆ ಸುರಂಗವೋ ಚತುಷ್ಪಥವೋ ಎಂಬ ಚರ್ಚೆ ನಿಂತೇ ಇಲ್ಲ. ಯಾವುದೇ ಆಗಲಿ, ಈ ಸಲ ಗುಡ್ಡವನ್ನು ವೈಜ್ಞಾನಿಕವಾಗಿ ಕಡಿಯಲಾಗುವುದು ಎಂಬ ಭರವಸೆಯೂ ಅದರ ಬೆನ್ನಿಗೇ ಬರುತ್ತದೆ. ಆ ಭರವಸೆಯನ್ನು ನಾನು ನಂಬುವುದಿಲ್ಲ. ರಸ್ತೆಗೆ ಎಷ್ಟು ಅಗಲದ ಜಾಗ ಹಿಡಿಯುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಸಿಗುವ ತನಕ ವಿಜ್ಞಾನದ ಮಾತಿಗೆ ತೂಕವಿಲ್ಲ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಗೆ ಬಿದ್ದದ್ದು 2024ರ ಜುಲೈ 16ರ ಬೆಳಿಗ್ಗೆ. ಅದಕ್ಕೆ ದಾರಿ ಮಾಡಿಕೊಟ್ಟ ಸಂಖ್ಯೆ ವರ್ಷಗಳ ಹಿಂದೆಯೇ ಭೂಸ್ವಾಧೀನದ ಕಡತ ಸೇರಿತ್ತು: 45 ಮೀಟರ್.

ಆ ಮಳೆಗಾಲದಿಂದ ಈಚೆಗೆ ಎಲ್ಲರ ಬಾಯಲ್ಲಿರುವ ಸಂಖ್ಯೆ ಬೇರೆಯದು, 90 ಡಿಗ್ರಿ. ಸಕಲೇಶಪುರದ ದೊಡ್ಡತಪ್ಪಲು, ದೋಣಿಗಾಲ್ ಬಳಿ ಧರೆ ಜರಿದಾಗ ಸ್ಥಳಕ್ಕೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯ ಗುಡ್ಡವನ್ನು ನೆಟ್ಟಗೆ ಕಡಿದದ್ದೇ ತಪ್ಪು, ಇಳಿಜಾರು ಬಿಟ್ಟು ಕಡಿಯಬೇಕಿತ್ತು ಎಂದರು. ಕಂದಾಯ ಸಚಿವ ಕೃಷ್ಣ ಬೈರೇಗೌಡರೂ ಅದನ್ನೇ ಹೇಳಿದರು. ಮಾತು ಸರಿಯಾದದ್ದೇ. ಜಾಗ ಸಾಲದೆ ಹೀಗಾಯಿತು ಎಂಬ ಮಾತೂ ಒಮ್ಮೆ ಸುಳಿದು ಹೋಯಿತು. ಆದರೆ ಸುದ್ದಿಯಲ್ಲಿ ಉಳಿದದ್ದು ಕೋನ ಮಾತ್ರ. ಯಾರೋ ಎಂಜಿನಿಯರ್ ಅಜಾಗರೂಕನಾಗಿದ್ದ, ಯಾರೋ ಗುತ್ತಿಗೆದಾರ ಲಾಭ ನೋಡಿದ ಎಂಬಲ್ಲಿಗೆ ವಿಚಾರಣೆ ಮುಗಿದುಹೋಗುತ್ತದೆ. ಕೋನವನ್ನು ಆಯ್ದುಕೊಳ್ಳುವ ಅವಕಾಶ ಅವರಿಗೆ ಎಷ್ಟಿತ್ತು ಎಂದು ಯಾರೂ ಕೇಳುತ್ತಿಲ್ಲ.

ಲೆಕ್ಕ ಕಷ್ಟದ್ದಲ್ಲ. ನಾಲ್ಕು ಪಥ, ನಡುವಿನ ವಿಭಜಕ, ಎರಡೂ ಬದಿಯ ಅಂಚು, ಚರಂಡಿ ಎಲ್ಲ ಸೇರಿದರೆ ಸುಮಾರು 25 ಮೀಟರ್ ಬೇಕು. 45ರಲ್ಲಿ ಅದು ಕಳೆದರೆ ಉಳಿಯುವುದು 20. ಶಿರೂರಿನಲ್ಲಿ ಒಂದು ಪಕ್ಕ ಗಂಗಾವಳಿ ನದಿ, ಇನ್ನೊಂದು ಪಕ್ಕ ಗುಡ್ಡ. ಉಳಿದ ಇಪ್ಪತ್ತೂ ಮೀಟರನ್ನು ಗುಡ್ಡದ ಕಡೆಗೇ ಬಿಟ್ಟುಕೊಟ್ಟರು ಎಂದಿಟ್ಟುಕೊಳ್ಳೋಣ. 45 ಡಿಗ್ರಿಯ ಇಳಿಜಾರಿನಲ್ಲಿ ಕಡಿದರೆ 20 ಮೀಟರ್ ಎತ್ತರಕ್ಕೆ ಜಾಗ ಮುಗಿಯುತ್ತದೆ. 30 ಡಿಗ್ರಿ ಎಂದರೆ ಹನ್ನೊಂದೂವರೆ ಮೀಟರಿಗೇ ಮುಗಿಯುತ್ತದೆ. 40 ಮೀಟರ್ ಎತ್ತರದ ಕಡಿತಕ್ಕೆ 45 ಡಿಗ್ರಿಯಲ್ಲಿ ಗುಡ್ಡದ ಕಡೆಗೇ 40 ಮೀಟರ್ ಬೇಕು, 30 ಡಿಗ್ರಿಯಲ್ಲಿ ಸುಮಾರು 70 ಮೀಟರ್. ನಡುನಡುವೆ ಮೆಟ್ಟಿಲು ಬಿಟ್ಟು, ನೀರು ಹರಿಯಲು ಮೇಲ್ಗಾಲುವೆ ತೆಗೆದರೆ ಇನ್ನೂ ಹೆಚ್ಚು. ಮೇಲಕ್ಕೆ ಹೋದಂತೆ ಗುಡ್ಡವೂ ಏರುತ್ತಲೇ ಇರುವುದರಿಂದ ಮತ್ತಷ್ಟು ಹೆಚ್ಚು. ಅಷ್ಟು ಜಾಗ ಕಡತದಲ್ಲೇ ಇಲ್ಲದಿರುವಾಗ ಜೆಸಿಬಿ ಓಡಿಸುವವನ ಕೈಯಲ್ಲಿ ಉಳಿಯುವುದು ನೇರ ಕಡಿತವೊಂದೇ. 90 ಡಿಗ್ರಿ ಎಂಬುದು 45 ಮೀಟರ್ ಎಂಬ ತೀರ್ಮಾನದ ಫಲ.

ಬೆಂಗಳೂರಿನ ಜೆ.ಪಿ. ನಗರ, ಬಿಟಿಎಂ ಲೇಔಟ್‌ಗಳಲ್ಲಿ ಇದು ಯಾರಿಗೂ ವಿವರಿಸಬೇಕಾದ ವಿಷಯವೇ ಅಲ್ಲ. ಮೂವತ್ತು ನಲವತ್ತರ ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಡದೆ ಸೆಲ್ಲಾರಿಗೆಂದು ಗಡಿಯವರೆಗೂ ನೆಟ್ಟಗೆ ಅಗೆದರೆ ಒಂದೇ ಮಳೆಗೆ ಪಕ್ಕದವರ ಕಾಂಪೌಂಡ್ ಗುಂಡಿಗೆ ಬರುತ್ತದೆ. ಪಕ್ಕದವರು ದೂರು ಕೊಡುತ್ತಾರೆ, ಕೆಲಸ ನಿಲ್ಲುತ್ತದೆ. ಘಟ್ಟದ ಮೇಲಿರುವ ಪಕ್ಕದವರಿಗೆ ದೂರು ಕೊಡುವ ಆ ಹಕ್ಕೂ ಇಲ್ಲ. ಅದಕ್ಕೆ ಮುಂದೆ ಬರುತ್ತೇನೆ.

45 ಎಲ್ಲಿಂದ ಬಂತು? ಬಯಲಿನಲ್ಲಿ ನಾಲ್ಕು ಪಥದ ಹೆದ್ದಾರಿಗೆ ಕೇಂದ್ರದ ರೂಢಿಯ ಮಾನದಂಡ 60 ಮೀಟರ್. ಕರಾವಳಿಯಲ್ಲಿ ಸಮುದ್ರ ಮತ್ತು ಗುಡ್ಡದ ನಡುವಿನ ಪಟ್ಟಿಯೇ ಕಿರಿದು, ಅದರಲ್ಲಿ ಮನೆ, ಅಂಗಡಿ, ದೇವಸ್ಥಾನ, ಶಾಲೆ. ಕೈಗಾ, ಸೀಬರ್ಡ್, ಕೊಂಕಣ ರೈಲು ಎಂದು ಒಂದಾದ ಮೇಲೊಂದಕ್ಕೆ ಭೂಮಿ ಕೊಟ್ಟು ಸಾಕಾದ ಉತ್ತರ ಕನ್ನಡದ ಜನ ಇನ್ನಷ್ಟು ಕೊಡಲಾರೆವು ಎಂದದ್ದು ನ್ಯಾಯವೇ. ಹೊನ್ನಾವರದಲ್ಲಿ 45ರ ಬದಲು 30 ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಇನ್ನೊಂದು ಕಾರಣ ಅರಣ್ಯ. ಪಟ್ಟಿ ಅಗಲವಾದಷ್ಟೂ ಕೇಳಬೇಕಾದ ಅರಣ್ಯಭೂಮಿ ಹೆಚ್ಚು, ಅನುಮತಿ ತಡ. ಕಿರಿದಾದ ಪಟ್ಟಿಗೇ ಒಲವು ತೋರುವ ನಿಯಮ ಇನ್ನೊಂದಿದೆ, 2013ರ ಆಗಸ್ಟಿನಲ್ಲಿ ಪರಿಸರ ಸಚಿವಾಲಯ ತಂದ ತಿದ್ದುಪಡಿ. ಅದರಂತೆ ಈಗಿರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿಲೊಮೀಟರಿಗಿಂತ ಉದ್ದವಾಗಿದ್ದು, ಹೆಚ್ಚುವರಿಯಾಗಿ ಹಿಡಿಯುವ ಅಗಲ 40 ಮೀಟರ್ ದಾಟಿದರೆ ಮಾತ್ರ ಪರಿಸರ ಅನುಮತಿ ಬೇಕು. ಒಟ್ಟಿನಲ್ಲಿ ಕಡಿಮೆ ಜಾಗ ಹಿಡಿದವನಿಗೆ ಕಾನೂನು ಬಹುಮಾನ ಕೊಡುತ್ತದೆ. ಬಯಲಿನಲ್ಲಿ ಅದು ಒಳ್ಳೆಯ ನಿಯಮವೇ ಇರಬಹುದು. ಗುಡ್ಡದ ಬುಡದಲ್ಲಿ ಅದೇ ನಿಯಮ ಧರೆಯನ್ನು ನೆಟ್ಟಗೆ ನಿಲ್ಲಿಸುತ್ತದೆ.

ಹೀಗಾಗಿ ದೋಷವನ್ನೆಲ್ಲ ದೆಹಲಿಗೆ ಹೊರಿಸಿ ಕೈತೊಳೆದುಕೊಳ್ಳಲು ರಾಜ್ಯ ಸರ್ಕಾರಕ್ಕೂ ಆಗದು. ಹೆದ್ದಾರಿಯ ಸ್ವಾಧೀನ ಪ್ರಕ್ರಿಯೆ ನಡೆಸುವವರು ಬಹುಮಟ್ಟಿಗೆ ರಾಜ್ಯದ ಕಂದಾಯ ಅಧಿಕಾರಿಗಳೇ. ಅಗಲ ಕಡಿಮೆ ಮಾಡಿ ಎಂದು ಒತ್ತಡ ತಂದವರಲ್ಲಿ ಎಲ್ಲ ಪಕ್ಷದ ಜನಪ್ರತಿನಿಧಿಗಳೂ ಇದ್ದರು.

ಇದಕ್ಕೆ ಸಿದ್ಧ ಉತ್ತರ ಒಂದಿದೆ: ಮಳೆ. ರಸ್ತೆಯೇ ಇಲ್ಲದ ಕಡೆಯೂ ಗುಡ್ಡ ಜರಿದಿದೆಯಲ್ಲ ಎನ್ನುತ್ತಾರೆ. ಜರಿದಿದೆ, ನಿಜ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಅಡಿಕೆ ತೋಟಗಳು ಬೇರುಸಮೇತ ಕೆಳಗಿಳಿದವು, ರಸ್ತೆ ಕುಸಿಯಿತು, ಊರು ಹೊರಜಗತ್ತಿನಿಂದ ಕಡಿದುಹೋಯಿತು. ಅಲ್ಲಿ ಚತುಷ್ಪಥ ಇರಲಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲಗಳಲ್ಲಿ ಜರಿದದ್ದೆಲ್ಲ ಹೆದ್ದಾರಿಯ ಕಡಿತವಲ್ಲ. ಮಳೆಯನ್ನು ತಾಳಿಕೊಳ್ಳುವ ಶಕ್ತಿ ಈ ಮಣ್ಣಿಗೆ ತಾನೇ ತಾನಾಗಿ ಇಷ್ಟು ಕಡಿಮೆ ಎಂದಾದರೆ, ಅದರ ಬುಡವನ್ನು ಕಡಿಯುವಾಗ ಎರಡು ಪಟ್ಟು ಎಚ್ಚರ ಬೇಕು. ಮಳೆಯನ್ನು ಮುಂದೊಡ್ಡುವವರು ಕೊನೆಗೆ ನನ್ನ ವಾದವನ್ನೇ ಬಲಪಡಿಸುತ್ತಾರೆ.

ಕೇಂದ್ರ ಹೆದ್ದಾರಿ ಸಚಿವಾಲಯಕ್ಕೆ ಇದು ತಿಳಿಯದ ಸಂಗತಿಯಲ್ಲ. ಶಿರೂರಿಗೆ ಆರು ವರ್ಷ ಮುಂಚೆ, 2018ರ ಮಾರ್ಚ್‌ನಲ್ಲಿ, ಅದೇ ಹೊರಡಿಸಿದ ಸುತ್ತೋಲೆಯೊಂದು ಬೆಟ್ಟದ ರಸ್ತೆಗಳಲ್ಲಿ ಅಗಲದ ಹಟ ಬೇಡ ಎಂದಿತ್ತು. ಅಗಲ ಹೆಚ್ಚಿದಷ್ಟೂ ಇಳಿಜಾರು ಸಡಿಲಗೊಳ್ಳುತ್ತದೆ, ಮೇಲಿನ ರಸ್ತೆಗೂ ಕಟ್ಟಡಕ್ಕೂ ಹಾನಿ ಹಬ್ಬುತ್ತದೆ ಎಂಬ ಕಾರಣ ಕೊಟ್ಟು, ಡಾಂಬರಿನ ಅಗಲ ಐದೂವರೆ ಮೀಟರ್ ಸಾಕು ಎಂದು ಗೊತ್ತುಮಾಡಿತ್ತು. ಉತ್ತರಾಖಂಡದ ಚಾರ್‌ಧಾಮ್ ರಸ್ತೆಗೆ ಆ ಅಗಲವೇ ಅನ್ವಯಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಚಿವಾಲಯ ತನ್ನ ಸುತ್ತೋಲೆಯನ್ನೇ ತಿದ್ದಿತು. 2021ರ ಡಿಸೆಂಬರ್ 14ರಂದು, ರಕ್ಷಣಾ ಅಗತ್ಯದ ಕಾರಣಕ್ಕೆ, ಹೆಚ್ಚಿನ ಅಗಲಕ್ಕೆ ನ್ಯಾಯಾಲಯದ ಒಪ್ಪಿಗೆಯೂ ಸಿಕ್ಕಿತು. ಐದೂವರೆ ಮೀಟರಿನ ಲೆಕ್ಕ ವಾಹನ ಸಂಚಾರ ಕಡಿಮೆಯಿರುವ ರಸ್ತೆಗಳಿಗೆ ಹಾಕಿದ್ದು. ಶಿರೂರಿನ ಮೂಲಕ ಹಾಯುವ ಹೆದ್ದಾರಿ 66ಕ್ಕಾಗಲಿ ಶಿರಾಡಿಗಾಗಲಿ ಅದನ್ನು ಹಾಗೆಯೇ ಹೊಂದಿಸಲಾಗದು. ಆದರೆ ಅಲ್ಲಿ ಕೊಟ್ಟ ಕಾರಣ ಎಲ್ಲ ಗುಡ್ಡಕ್ಕೂ ಒಂದೇ. ಇಷ್ಟು ವರ್ಷದ ವ್ಯಾಜ್ಯದಲ್ಲಿ ದೇಶ ವಾದಿಸಿದ್ದು ಅಗಲದ ಬಗ್ಗೆ. ಕರ್ನಾಟಕದಲ್ಲಿ ಮಾತ್ರ ನಾವು ಇನ್ನೂ ಕೋನ ಅಳೆಯುತ್ತಿದ್ದೇವೆ.

ಭೂಕುಸಿತದ ನಕ್ಷೆ ಇದೆಯಲ್ಲ ಎಂಬ ಸಮಾಧಾನವೂ ಬೇಡ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕರ್ನಾಟಕ ಕಚೇರಿ ಇರುವುದು ಬೆಂಗಳೂರಿನಲ್ಲೇ, ಬನಶಂಕರಿಗೆ ಹೊಂದಿಕೊಂಡ ಕುಮಾರಸ್ವಾಮಿ ಲೇಔಟಿನ ವಸುಧಾ ಭವನದಲ್ಲಿ. ದೇಶದಲ್ಲಿ ಭೂಕುಸಿತದ ಅಪಾಯವಿರುವ ಪ್ರದೇಶ ಸುಮಾರು 4.2 ಲಕ್ಷ ಚದರ ಕಿಲೊಮೀಟರ್ ಎಂದು ಲೆಕ್ಕ ಹಾಕಿದ್ದು ಈ ಸಂಸ್ಥೆಯೇ. ಅದರಲ್ಲಿ ಸುಮಾರು 90 ಸಾವಿರ ಚದರ ಕಿಲೊಮೀಟರ್ ಪಶ್ಚಿಮ ಘಟ್ಟ ಮತ್ತು ಕೊಂಕಣದ ಗುಡ್ಡಗಳಲ್ಲಿದೆ. ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಆ ರಾಷ್ಟ್ರೀಯ ನಕ್ಷೆಯ ಪ್ರಮಾಣ 1:50,000. ಅಂದರೆ ಕಾಗದದ ಒಂದು ಸೆಂಟಿಮೀಟರ್ ನೆಲದಲ್ಲಿ ಅರ್ಧ ಕಿಲೊಮೀಟರ್. ಹೆದ್ದಾರಿಯ 45 ಮೀಟರ್ ಪಟ್ಟಿ ಆ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಯಾವ ಸೀಮೆ ಅಪಾಯದ್ದು ಎಂದು ಅದು ಹೇಳೀತು, ಯಾವ ಕಡಿತ ಬೀಳುತ್ತದೆ ಎಂದು ಹೇಳಲಾರದು. ಶಿರೂರು ಜರಿದ ಮೂರನೇ ದಿನ, ಜುಲೈ 19ರಂದು, ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಯಾಯಿತು. ಮುನ್ಸೂಚನೆ ಬೇಕು. ಆದರೆ ಪ್ರತಿ ಕಡಿತದ ಅಡ್ಡಕೊಯ್ತದ ನಕ್ಷೆ ರಸ್ತೆಯ ವಿಸ್ತೃತ ಯೋಜನಾ ವರದಿಯಲ್ಲಿ (ಡಿಪಿಆರ್) ಮಾತ್ರ ಇರುತ್ತದೆ, ಆ ಡಿಪಿಆರ್ ಗ್ರಾಮ ಪಂಚಾಯಿತಿಯ ಮೇಜಿಗೆ ಬರುವುದಿಲ್ಲ.

ಈಗ ದೂರು ಕೊಡುವ ಹಕ್ಕಿನ ಮಾತು. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ 3ಎ ಕಲಮಿನಡಿ ಅಧಿಸೂಚನೆ ಹೊರಟ ಮೇಲೆ, 3ಸಿ ಕಲಮಿನಂತೆ ಆಕ್ಷೇಪ ಸಲ್ಲಿಸಲು 21 ದಿನ. ಸಲ್ಲಿಸಬಹುದಾದವರು ಯಾರು? ಆ ಭೂಮಿಯಲ್ಲಿ ಹಿತಾಸಕ್ತಿ ಇರುವವರು, ಎಂದರೆ ಜಾಗ ಕಳೆದುಕೊಳ್ಳುವವರು. ಕಡಿತದ ಅಂಚಿನ ಮೇಲೆ ಮನೆಯಿದ್ದು ಒಂದು ಗುಂಟೆಯೂ ಸ್ವಾಧೀನಕ್ಕೆ ಹೋಗದವನು ಅದರಲ್ಲಿ ಬರುವುದಿಲ್ಲ. ನದಿಯಾಚೆಯವರಂತೂ ಇಲ್ಲವೇ ಇಲ್ಲ. ಶಿರೂರಿನ ಗುಡ್ಡ ಗಂಗಾವಳಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಗೆ ನುಗ್ಗಿ ಮನೆಗಳನ್ನು ಕೆಡವಿತು, ಅಲ್ಲೊಬ್ಬ ಮಹಿಳೆ ತೀರಿಕೊಂಡರು. ಈಚೆ ದಡದಲ್ಲಿ ಹೆದ್ದಾರಿ ಬದಿಯ ಚಹಾದಂಗಡಿಯ ಕುಟುಂಬವೇ ಹೋಯಿತು. ಒಟ್ಟು ಹನ್ನೊಂದು ಜೀವ. ಕೇರಳದ ಲಾರಿ ಚಾಲಕನ ದೇಹ ನದಿಯ ತಳದಿಂದ ಲಾರಿಯ ಜೊತೆ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಎಪ್ಪತ್ತು ದಿನ ದಾಟಿದ ಮೇಲೆ. ಉಳುವರೆಯವರು ಆ ಹೆದ್ದಾರಿಗೆ ಜಾಗ ಕೊಟ್ಟವರಲ್ಲ. ಹಾಗಾಗಿಯೇ ಗುಡ್ಡ ಕಡಿಯುವ ಮುಂಚೆ ಅವರನ್ನು ಕೇಳಬೇಕೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ.

ಬೆಂಗಳೂರಿಗೆ ಘಾಟಿ ಬಂದ್ ಎಂದರೆ ರಾತ್ರಿ ಬಸ್ಸು ರದ್ದು, ಮೀನಿನ ದರ ಏರಿಕೆ. ಬನಶಂಕರಿ, ಗಿರಿನಗರದ ಎಷ್ಟೋ ಮನೆಗಳಿಗೆ ಅದಕ್ಕಿಂತ ಹೆಚ್ಚು, ಏಕೆಂದರೆ ಅಪ್ಪ ಅಮ್ಮ ಅಲ್ಲೇ ತೋಟದಲ್ಲಿದ್ದಾರೆ. ಜುಲೈ, ಆಗಸ್ಟ್ ಎಂದರೆ ಅಡಿಕೆಗೆ ಕೊಳೆರೋಗದ ಕಾಲ. ಮಳೆ ಹೊಳವಾದ ಎರಡು ದಿನದಲ್ಲಿ ಔಷಧಿ ಹೊಡೆಯಬೇಕು. ಮೈಲುತುತ್ತ, ಸುಣ್ಣ, ಮರ ಹತ್ತುವವರು ಎಲ್ಲವೂ ಅದೇ ರಸ್ತೆಯಲ್ಲಿ ಬರಬೇಕು. ರಸ್ತೆ ಹೋದರೆ ಆ ವರ್ಷದ ಫಸಲೂ ಕೊಳೆತಂತೆ. ಸಂಪಾಜೆಯವರನ್ನು ಕೇಳಿ. ತಾಲ್ಲೂಕು ಕೇಂದ್ರ, ಜಿಲ್ಲಾ ಕೇಂದ್ರ ಎರಡೂ ಮಡಿಕೇರಿ, ಮೂವತ್ತು ಕಿಲೊಮೀಟರಿನೊಳಗಿನ ದಾರಿ. 2018ರಲ್ಲಿ ಮದೆನಾಡು, ಜೋಡುಪಾಲದ ಬಳಿ ಹೆದ್ದಾರಿ 275 ಕುಸಿದಾಗ ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ಅವರು ಸುಳ್ಯಕ್ಕಿಳಿದು, ಕಾಸರಗೋಡಿನ ಪಾಣತ್ತೂರು ಹೊಕ್ಕು, ಕರಿಕೆ, ಭಾಗಮಂಡಲ ಸುತ್ತಬೇಕಾಯಿತು. ಹಳ್ಳಿಗರು ಗುದ್ದಲಿ ಹಿಡಿದು ಕಾಲುದಾರಿ ಬಿಡಿಸಿಕೊಳ್ಳುತ್ತಾರೆ, ಕಾಯಿಲೆಯವರನ್ನು ಕುರ್ಚಿಗೆ ಕಟ್ಟಿ ಹೊತ್ತು ದಾಟಿಸುತ್ತಾರೆ. ಇದನ್ನು ನಾವು ಅವರ ಧೈರ್ಯ ಎಂದು ಹೊಗಳಿ ಸುಮ್ಮನಾಗುವುದು ಅನ್ಯಾಯ. ಹೆದ್ದಾರಿಯ ಮಣ್ಣು ತೆಗೆಯಲು ಹಗಲೂ ರಾತ್ರಿ ಯಂತ್ರ ನಿಲ್ಲಿಸುವ ಸರ್ಕಾರ, ಅದೇ ಮಳೆಗೆ ಹೋದ ಒಳರಸ್ತೆಯನ್ನು ಲೋಕೋಪಯೋಗಿಗೋ ಪಂಚಾಯತ್ ರಾಜ್ ಇಲಾಖೆಗೋ ಬಿಟ್ಟು ಟೆಂಡರಿಗೆ ಕಾಯುತ್ತದೆ.

ಹಾಗಾದರೆ ಅಗಲ ಹೆಚ್ಚಿಸಿ ಇನ್ನಷ್ಟು ತೋಟ ಕಿತ್ತುಕೊಳ್ಳಬೇಕೇ? ಬೇಡ. ಮೇಲಕ್ಕೆ ಬೇಕಾಗುವುದು ಹೆಚ್ಚಿನ ಕಡೆ ಬೆಟ್ಟದ ಇಳಿಜಾರೇ ಹೊರತು ಕಣಿವೆಯ ತೋಟವಲ್ಲ. ಅದನ್ನೂ ಹಿಡಿಯಲಾಗದ ಕಡೆ ರಸ್ತೆ ಕಿರಿದಾಗಲಿ. ಎರಡೇ ಪಥ ಇರಲಿ, ಹೋಗುವ ಬರುವ ದಾರಿಗಳು ಬೇರೆ ಬೇರೆ ಮಟ್ಟದಲ್ಲಿರಲಿ, ಕಣಿವೆಯ ಕಡೆ ಕಂಬದ ಮೇಲೆ ಸೇತುವೆ ಬರಲಿ. ಕೊನೆಯ ಎರಡಕ್ಕೂ ದುಡ್ಡು ಹೆಚ್ಚು, ಆ ದುಡ್ಡು ಆರಂಭದಲ್ಲೇ ಲೆಕ್ಕಕ್ಕೆ ಬರಬೇಕು. ಜಾಗವನ್ನು 45 ಮೀಟರಿಗೆ ಬಿಗಿದು, ನಾಲ್ಕು ಪಥವನ್ನೂ ಬಿಡದೆ, ಖರ್ಚನ್ನೂ ಉಳಿಸುವುದು ಗುಡ್ಡದ ಬುಡದಲ್ಲಿ ಸಾಧ್ಯವಿಲ್ಲ. ಈ ಮೂರರಲ್ಲಿ ಒಂದನ್ನು ಕೈಬಿಡಲೇಬೇಕು. ಇಲ್ಲಿಯವರೆಗೆ ಕೈಬಿಟ್ಟದ್ದು ಗುಡ್ಡದ ಕೆಳಗೆ ಓಡಾಡುವವರನ್ನು.

ಶಿರಾಡಿಯ ವಿಷಯದಲ್ಲಿ ರಾಜ್ಯ ಸರ್ಕಾರ ಈಗಲೇ ಮಾಡಬಹುದಾದ ಕೆಲಸವಿದೆ, ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಸ್ವಾಧೀನಕ್ಕೆ ತನ್ನ ಅಧಿಕಾರಿಗಳನ್ನು ಒದಗಿಸುವ ಮುಂಚೆ, ಮಾರನಹಳ್ಳಿಯಿಂದ ಅಡ್ಡಹೊಳೆವರೆಗಿನ ಪ್ರತಿ ಕಡಿತದ ಎತ್ತರ, ಇಳಿಜಾರು, ಗುಡ್ಡದ ಕಡೆ ಬಿಟ್ಟ ಅಗಲ ಇವಿಷ್ಟನ್ನು ಕನ್ನಡದಲ್ಲಿ ಬರೆಸಿ, ರಸ್ತೆ ಹಾದುಹೋಗುವ ಪಂಚಾಯಿತಿಗಳ ಜೊತೆಗೆ ಕಡಿತದ ಮೇಲಿನ ಮತ್ತು ಹೊಳೆಯಾಚೆಯ ಊರುಗಳ ಗ್ರಾಮಸಭೆಯ ಮುಂದೂ ಇಡಬೇಕು. ಉಳಿದದ್ದು ಕೇಂದ್ರದ ಪಾಲಿನ ಕೆಲಸ: ವಸುಧಾ ಭವನದ ಭೂವಿಜ್ಞಾನಿಗಳು ಆ ಪಟ್ಟಿಯ ಒಂದೊಂದು ಕಡಿತಕ್ಕೂ ಸಹಿ ಹಾಕಬೇಕು. ಯಾವ ಕಡಿತದ ಎದುರು ಸಹಿ ಬೀಳುವುದಿಲ್ಲವೋ ಅಲ್ಲಿ 3ಎ ಅಧಿಸೂಚನೆ ಹೊರಡಬಾರದು.