ನೆಲ ಡೊಂಕೋ, ಹೆಜ್ಜೆ ಡೊಂಕೋ?

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಆಡುವಾಗ ನಾವು ನಗುವುದು ಕುಣಿಯುವವಳನ್ನು ಕಂಡು. ನೆಲವೂ ಡೊಂಕಾಗಿದ್ದಿರಬಹುದೆಂಬ ಸಂಶಯ ಯಾರಿಗೂ ಬರುವುದಿಲ್ಲ. ಗುರಿಯಾಟ ಕಲಿಯುವ ಮಗುವಿಗೆ ಗಾಳಿಕೋವಿ, ಎಂದರೆ ಏರ್‌ಗನ್, ಕೊಡಿಸಲು ಹೊರಟ ತಂದೆತಾಯಿಗಳು ಮಾತ್ರ ಈ ಸಂಶಯವನ್ನು ಬಿಡಬಾರದು.

2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಕಂಚು ಪಡೆದರು. ಇಂತಹ ಗೆಲುವನ್ನು ಕಂಡ ಮಗು ತನಗೂ ಒಂದು ಕೋವಿ ಬೇಕೆಂದರೆ ಆಶ್ಚರ್ಯವಿಲ್ಲ. ಅಂಗಡಿಗೆ ಹೋದರೆ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ತೊಡಗಿ ಲಕ್ಷಗಳಿಗೆ ಏರುತ್ತದೆ. ಸಂಬಳದ ಮನೆಯವರು ಎಲ್ಲಿ ನಿಲ್ಲಬೇಕು?

ಹಣ ಕೊಟ್ಟು ನಾವು ಕೊಳ್ಳುವುದೇನೆಂಬುದನ್ನು ಮೊದಲು ತಿಳಿಯೋಣ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುವುದು ಗುಂಡಿನ ವೇಗವನ್ನು. ಆದರೆ ಒಲಿಂಪಿಕ್ಸಿನ ರೈಫಲ್ಲು ಗುಂಡನ್ನು ಕಳಿಸುವುದು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ, ಶಬ್ದದ ವೇಗದ ಅರ್ಧದಷ್ಟು ಮಾತ್ರ. ಅಲ್ಲಿ ಹತ್ತಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರು, ಗುಂಡಿನದು ನಾಲ್ಕೂವರೆ. ಅಲ್ಲಿ ಬೇಕಾದುದು ವೇಗವಲ್ಲ, ಏಕರೂಪತೆ. ಅರವತ್ತು ಗುಂಡುಗಳಿಗೂ ಒಂದೇ ನೂಕು, ಒಂದೇ ಹದದ ಟ್ರಿಗರು. ಹೆಚ್ಚಿನ ಬೆಲೆ ಸಲ್ಲುವುದು ಇದಕ್ಕೆ.

ಅಗ್ಗದ ಕೋವಿಗಳು ಬಹುಮಟ್ಟಿಗೆ ಸ್ಪ್ರಿಂಗಿನವು. ಗುಂಡು ನಳಿಗೆಯನ್ನು ಬಿಡುವ ಮೊದಲೇ ಒಳಗಿನ ಕೊಂತ ಮುನ್ನುಗ್ಗಿ ಕೋವಿಯನ್ನು ಅದುರಿಸುತ್ತದೆ. ಹಿಡಿತ ತುಸು ಬದಲಾದರೂ ಗುಂಡು ಬೇರೆ ಕಡೆ ಬೀಳುತ್ತದೆ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯ ಕೋವಿಯಲ್ಲಿ ಈ ಅದುರು ಅತ್ಯಲ್ಪ. ಆದರೆ ಗಾಳಿ ತುಂಬುವ ಪಂಪು, ಸವೆಯುವ ವಾಷರುಗಳು ಎಂದು ಖರ್ಚು ಬೆಳೆಯುತ್ತದೆ. ಜಾತ್ರೆಯ ಬಲೂನಿನಂತೆ ನಾಲ್ಕು ಹೆಜ್ಜೆ ದೂರದಲ್ಲಿ ಅಂಗೈಯಗಲದ ಗುರಿಯನ್ನಿಟ್ಟು ಹೊಡೆಯುವುದಾದರೆ ಅಗ್ಗದ್ದೇ ಸಾಕು. ಕ್ರಮವಾಗಿ ಕಲಿಯಬೇಕಾದರೆ ಸಾಲದು.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಕೋವಿಯ ಮುಂಭಾಗಕ್ಕೆ ಮರಳುಚೀಲದ ಆಸರೆ ಕೊಟ್ಟು, ನುರಿತವರೊಬ್ಬರಿಂದ 10 ಮೀಟರ್ ದೂರಕ್ಕೆ ಐದು ಗುಂಡು ಹಾರಿಸಿ. ಐದೂ ಒತ್ತಾಗಿ ಒಂದೆಡೆ ಬಿದ್ದು, ನಡುವಿಗೆ ಮಾತ್ರ ತಪ್ಪಿದ್ದರೆ ಚಿಂತೆಯಿಲ್ಲ. ಸೈಟನ್ನು ತಿರುಗಿಸಿ ಸರಿಪಡಿಸಬಹುದು. ಚೆದುರಿ ಬಿದ್ದರೆ ಬೇರೆ ತಯಾರಿಕೆಯ ಗುಂಡು ಹಾಕಿ ನೋಡಿ. ಆಗಲೂ ಚೆದುರಿದರೆ ಆ ಕೋವಿ ಬೇಡ. ಅದರಲ್ಲಿ ಕಲಿಯುವ ಮಗುವಿಗೆ ತಪ್ಪಿದ್ದು ತಾನೋ ಕೋವಿಯೋ ಎಂಬುದೇ ತಿಳಿಯದು. ತನ್ನ ತಪ್ಪನ್ನು ಕಾಣಲಾರದವನು ಅದನ್ನು ತಿದ್ದಿಕೊಳ್ಳುವುದೆಂತು? ಎಷ್ಟೋ ಮಕ್ಕಳು ತಮ್ಮ ಕೈಯಲ್ಲೇ ಕುಂದಿದೆಯೆಂದು ನೊಂದು ಆಟವನ್ನೇ ಬಿಟ್ಟಾರು.

ಹಾಗೆಂದು ಸಾಲಮಾಡಿ ಲಕ್ಷದ ರೈಫಲ್ಲು ತರುವುದೂ ವಿವೇಕವಲ್ಲ. ಹೊಸಬನ ಕೈನಡುಕ ಸಾಧಾರಣವಾದ ಒಳ್ಳೆಯ ಕೋವಿಯ ದೋಷಕ್ಕಿಂತ ಬಹಳ ದೊಡ್ಡದು. ತರಬೇತಿಯ ರೇಂಜಿನಲ್ಲಿ ಕೋವಿ ಸಿಗುವಂತಿದ್ದರೆ ಕೆಲವು ತಿಂಗಳು ಅದರಲ್ಲೇ ಕಲಿಯಲಿ. ಮಗುವಿನ ಆಸಕ್ತಿ ಉಳಿಯುವುದೋ ಎಂಬುದೂ ತಿಳಿಯುತ್ತದೆ. ಕೋವಿಯ ಬೆಲೆ ಒಮ್ಮೆ ತೆರುವಂಥದು. ಗುಂಡಿನದು ನಿತ್ಯದ ಖರ್ಚು. ದಿನಕ್ಕೆ 60ರಂತೆ ವರ್ಷದಲ್ಲಿ 300 ದಿನ ಅಭ್ಯಾಸ ಮಾಡಿದರೆ 18,000 ಗುಂಡುಗಳು. 500ರ ಡಬ್ಬಿಗಳಲ್ಲಿ 36. ಈ ಲೆಕ್ಕವನ್ನು ಮೊದಲೇ ಹಾಕದೆ ಹಣವನ್ನೆಲ್ಲ ಕೋವಿಗೇ ಸುರಿದವರ ಮನೆಯಲ್ಲಿ ಅದು ಗೋಡೆಯ ಅಲಂಕಾರವಾಗುತ್ತದೆ.

ಒಂದೆಡೆ ಮಾತ್ರ ಉಳಿತಾಯ ಸಲ್ಲದು. ಗಟ್ಟಿ ಗೋಡೆಗೆ ತಗುಲಿದ ಗುಂಡು ಹಿಂದಕ್ಕೆ ಚಿಮ್ಮೀತು. ಗುರಿಯ ಹಿಂದೆ ಗುಂಡನ್ನು ಹಿಡಿದಿಡುವ ಭದ್ರವಾದ ತಡೆ, ಕಣ್ಣಿಗೆ ಗಟ್ಟಿ ಕನ್ನಡಕ, ಪಕ್ಕದಲ್ಲಿ ಹಿರಿಯರೊಬ್ಬರು, ಇವು ಮೂರೂ ಇರಲೇಬೇಕು. ಗುಂಡು ಸೀಸದ್ದಾದುದರಿಂದ ಆಟ ಮುಗಿದೊಡನೆ ಕೈ ತೊಳೆಯಬೇಕು. ಕೋವಿಯನ್ನು ಇಂದಲ್ಲದಿದ್ದರೆ ನಾಳೆ ಬದಲಾಯಿಸಬಹುದು. ಕಣ್ಣನ್ನು ಬದಲಾಯಿಸಿಕೊಡುವ ಅಂಗಡಿ ಯಾವ ಪೇಟೆಯಲ್ಲಿಯೂ ಇಲ್ಲ.