ರಕ್ತ ಕಮ್ಮಿ ಇದ್ದರೂ ಹೆಪ್ಪುಗಟ್ಟೀತು!

"ರಕ್ತ ಕಮ್ಮಿ ಐತಂತೆ" ಎಂಬ ಮಾತು ಚಿಂತಾಮಣಿಯ ಅಂಗಡಿಕಟ್ಟೆಯಲ್ಲೂ ಚಿಕ್ಕಬಳ್ಳಾಪುರದ ಬಸ್ಸಿನಲ್ಲೂ ನೆಗಡಿಯಷ್ಟೇ ಸಲೀಸಾಗಿ ಕೇಳಿಬರುತ್ತದೆ. ಒಂದು ಬಾಟ್ಲಿ ಟಾನಿಕ್ ತಂದರೆ ಮುಗೀತು! ರಕ್ತವೇ ಇಲ್ಲದವರಿಗೆ ಹೆಪ್ಪುಗಟ್ಟುವುದೆಲ್ಲಿಂದ ಬಂತು ಎಂದು ನಗುವವರೂ ಉಂಟು.

ನಗುವ ವಿಷಯವಲ್ಲ. ಕಬ್ಬಿಣಾಂಶ ಇಳಿದಾಗ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕೆಲವರಲ್ಲಿ ಏರುತ್ತವೆ. ಮೂಗಿನಿಂದ ಪದೇಪದೇ ರಕ್ತ ಸುರಿಯುವ ಒಂದು ವಂಶಪಾರಂಪರ್ಯ ಕಾಯಿಲೆಯವರನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವೈದ್ಯರು ಪರೀಕ್ಷಿಸಿದರು. ಕಬ್ಬಿಣಾಂಶ ಕಮ್ಮಿ ಇದ್ದವರಲ್ಲೇ ಹೆಪ್ಪಿನ ಅಪಾಯ ಹೆಚ್ಚೆಂದು 2011ರ ಕೊನೆಯಲ್ಲಿ ಪ್ರಕಟಿಸಿದರು. ಅದು ಅಪರೂಪದ ಕಾಯಿಲೆ. ಎಲ್ಲರಿಗೂ ಅದೇ ಲೆಕ್ಕ ಹಾಕಲಾಗದು, ನಿಜ.

ಆದರೆ ಬಾಣಂತಿಯರ ಪಾಡೇನು? ಹೆರಿಗೆಯಾದ ಮೊದಲ ಆರು ವಾರ ಯಾರಿಗೇ ಆಗಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮಿದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟಿದ ಬಾಣಂತಿಯರಿಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಚಿಕಿತ್ಸೆ ನೀಡುತ್ತ ಬಂದಿದ್ದಾರೆ. ಇದರ ಮೇಲೆ ರಕ್ತಹೀನತೆ ಬೇರೆ. 2019-21ರ ರಾಷ್ಟ್ರೀಯ ಸಮೀಕ್ಷೆಯಂತೆ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಇದಿದೆ. ಸಾಲದ್ದಕ್ಕೆ ಮನೆಯ ಹಿರಿಯರ ಕಟ್ಟಪ್ಪಣೆ: "ನೀರು ಕುಡೀಬೇಡಮ್ಮ, ಮಗೀಗೆ ಶೀತ ಆಗ್ತದೆ. ಎದ್ದು ಓಡಾಡಬೇಡ." ನೀರಿಲ್ಲದೆ ರಕ್ತ ಗಟ್ಟಿಯಾಗುತ್ತದೆ, ಮಲಗಿದಲ್ಲೇ ಮಲಗಿದರೆ ಕಾಲಿನಲ್ಲಿ ರಕ್ತ ನಿಲ್ಲುತ್ತದೆ. ಅಜ್ಜಿಯರ ಪ್ರೀತಿ ದೊಡ್ಡದು, ಆದರೆ ಈ ಪಥ್ಯ ಮಾತ್ರ ಬೇಡ.

ಸರ್ಕಾರದ ಕಬ್ಬಿಣದ ಮಾತ್ರೆ ಗರ್ಭಿಣಿಗೆ 180 ದಿನ, ಹೆರಿಗೆಯ ನಂತರವೂ 180 ದಿನ. ಎಡವಟ್ಟಾಗುವುದು ಈ ಎರಡನೇ ಕಂತಿನಲ್ಲೇ. ಮಗು ಕೈಗೆ ಬಂದಮೇಲೆ ಮನೆಯವರ ಗಮನವೆಲ್ಲ ಮಗುವಿನ ಚುಚ್ಚುಮದ್ದಿನ ಮೇಲೆ. ತಾಯಿಯ ಮಾತ್ರೆ ಗೂಡಿನಲ್ಲಿ ಧೂಳು ತಿನ್ನುತ್ತದೆ. ಮಲ ಕಪ್ಪಗಾಯಿತೆಂದು ಹೆದರಿ ಬಿಡುವವರು ಕೆಲವರು. ಕಪ್ಪಾಗುವುದು ಮಾತ್ರೆಯಿಂದಲೇ, ಗಾಬರಿ ಬೇಡ. ಮಲಬದ್ಧತೆಯಾದರೆ ಡಾಕ್ಟರಿಗೆ ಹೇಳಬೇಕೇ ಹೊರತು ಮಾತ್ರೆ ಬಿಡಬಾರದು. ಶಿಡ್ಲಘಟ್ಟದ ರೀಲಿಂಗ್ ಘಟಕಕ್ಕೋ ಗೌರಿಬಿದನೂರಿನ ಕಾರ್ಖಾನೆಗೋ ವಾಪಸು ಹೋಗುವವಳು ಊಟದ ಹಿಂದೆಯೇ ಟೀ ಕುಡಿದರೆ ತಿಂದ ಸೊಪ್ಪು, ಹುರುಳಿಯ ಕಬ್ಬಿಣ ಮೈಗೆ ಹತ್ತದು. ಟೀ ಗಂಟೆ ತಡವಾಗಲಿ. ಊಟದಲ್ಲಿ ನಿಂಬೆಹುಳಿ ಇರಲಿ.

ಮಗುವಿಗೆ ಚುಚ್ಚುಮದ್ದು ಹಾಕಿಸುವ ದಿನವೇ "ನಿನ್ನ ಮಾತ್ರೆ ಎಷ್ಟು ಉಳಿದಿದೆಯಮ್ಮ?" ಎಂದು ತಾಯಿಯನ್ನು ಕೇಳುವ ಕ್ರಮ ನಾಲ್ಕೂ ತಾಲ್ಲೂಕಿನಲ್ಲಿ ಕಡ್ಡಾಯವಾಗಬೇಕು. ಇದಕ್ಕೆ ಹೊಸ ಕಟ್ಟಡವೂ ಬೇಡ, ಉದ್ಘಾಟನೆಯೂ ಬೇಡ. ಇನ್ನು, ಬಾಣಂತಿಗೆ ತಡೆಯಲಾರದ ತಲೆನೋವು, ವಾಂತಿ, ಫಿಟ್ಸ್, ಒಂದೇ ಕಾಲಿನಲ್ಲಿ ಊತ, ಏದುಸಿರು ಕಂಡರೆ ದೃಷ್ಟಿ ತೆಗೆಯುತ್ತ ಕೂರದೆ, ಬಸ್ಸಿಗೂ ಕಾಯದೆ, 108ಕ್ಕೆ ಫೋನ್ ಮಾಡಿ.