ಬಸ್ಸಿನ ಕಂಡಕ್ಟರ್, ತಾಮ್ರದ ಕಂಡಕ್ಟರ್

ಸೆಮಿಕಂಡಕ್ಟರ್ ಅಂದರೇನು ಅಂತ ಕೇಳಿದರೆ ನಾವು ನಿದ್ದೆಗಣ್ಣಲ್ಲೂ ಹೇಳ್ತೀವಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಉರು ಹೊಡೆಯೋದು ನಮಗೆ ಹೊಸದಲ್ಲ. ಆದರೆ ಮೊನ್ನೆ ಲ್ಯಾಬ್ ವೈವಾದಲ್ಲಿ ಮೇಡಂ ಕೇಳಿದ್ದು ಬೇರೆ: "ಕಂಡಕ್ಟರ್ ಅಂತ ಯಾಕೆ ಕರೀತಾರೆ? ಬಸ್ಸಿನಲ್ಲೂ ಒಬ್ಬರು ಇರ್ತಾರಲ್ಲ?" ಶ್ರೀರಾಮನಗರದ ಕಡೆಯಿಂದ ಬಂದ ನಾವು ನಾಲ್ವರೂ ಗಪ್‌ಚುಪ್. ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿದ ಗೆಳೆಯನೇ ಬಾಯಿಬಿಟ್ಟ: "ಮೇಡಂ, ಅದು ವಾಹಕರೀ. ಕರೆಂಟ್ ಒಯ್ಯೂದು. ಸೆಮಿಕಂಡಕ್ಟರ್ ಅಂದ್ರ ಅರೆವಾಹಕ."

ಮೊದಲ ಸೆಮಿಸ್ಟರ್‌ನಲ್ಲಿ ಇವನ ಇಂಗ್ಲಿಷ್ ಕೇಳಿ ನಕ್ಕವರು ನಾವೇ.

ಆ ರಾತ್ರಿ ಹಾಸ್ಟೆಲ್‌ನಲ್ಲಿ ಡಿಕ್ಷನರಿ ತೆಗೆದು ಕೂತೆವು. ಡಿ, ಯು, ಸಿ ಈ ಮೂರು ಅಕ್ಷರ ಒಟ್ಟಿಗೆ ಬರುವ ಪದಗಳು ನಮ್ಮ ಸಿಲಬಸ್ ತುಂಬ ಇವೆ. ಕಂಡಕ್ಟರ್, ಇಂಡಕ್ಷನ್, ಪ್ರಾಡಕ್ಟ್, ರೆಡ್ಯೂಸ್, ಡಿಡ್ಯೂಸ್, ಡಕ್ಟೈಲ್. ಇವೆಲ್ಲದರ ಮೂಲ ಲ್ಯಾಟಿನ್‌ನ 'ಡ್ಯೂಕೆರೆ', ಅಂದರೆ ಕರೆದೊಯ್ಯು, ಎಳೆ. ಮುಂದಕ್ಕೆ ತಂದದ್ದು ಪ್ರಾಡಕ್ಟ್, ಹಿಂದಕ್ಕೆ ಒಯ್ದರೆ ರೆಡ್ಯೂಸ್. ತಂತಿಯಾಗಿ ಎಳೆಯಲು ಬಂದರೆ ಡಕ್ಟೈಲ್. ನಮ್ಮೂರ ರೈಸ್ ಮಿಲ್ಲಿನಲ್ಲಿ ಓಡುವ ಇಂಡಕ್ಷನ್ ಮೋಟಾರಿನ ರೋಟರ್‌ಗೆ ಹೊರಗಿನಿಂದ ವೈರ್ ಕೊಟ್ಟಿರೋದಿಲ್ಲ. ಸ್ಟೇಟರ್‌ನಲ್ಲಿ ಸುತ್ತುವ ಕಾಂತಕ್ಷೇತ್ರವೇ ಅದರೊಳಗೆ ಕರೆಂಟ್ ಹುಟ್ಟಿಸುತ್ತೆ. ಹೆಸರಲ್ಲೇ 'ಒಳಕ್ಕೆ ಕರೆತರು' ಅಂತಿದೆ! ಇಷ್ಟು ವರ್ಷ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಶಾಲೆಯ ಟ್ರಿಪ್ಪಿನಲ್ಲಿ ಹಂಪಿಗೆ ಹೋದಾಗ ಪುಷ್ಕರಣಿಗೆ ನೀರು ತರುವ ಕಲ್ಲಿನ ಕಾಲುವೆ ತೋರಿಸಿ 'ಅಕ್ವಡಕ್ಟ್' ಅಂದಿದ್ದರು. ಸ್ಪೆಲ್ಲಿಂಗ್ ಬರಕೊಂಡೆವು. ಅಕ್ವ ಅಂದರೆ ನೀರು, ಡಕ್ಟ್ ಅಂದರೆ ಒಯ್ಯುವುದು ಅನ್ನೋದು ಈಗ ಗೊತ್ತಾಯ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಉಂಡು ಬೆಳೆದವರು ನಾವು, ಆ ಪದವಾದರೂ ಅರ್ಥ ಆಗಬೇಕಿತ್ತು.

ಇನ್ನು ಕನ್ನಡದ ಕಡೆ ಬರೋಣ. ಬಸ್ಸಿನೊಳಗೆ 'ನಿರ್ವಾಹಕ' ಅಂತ ಬರೆದಿರುತ್ತೆ. ವಾಹಕ, ವಾಹನ, ಪ್ರವಾಹ, ಆವಾಹನೆ ಎಲ್ಲದರಲ್ಲೂ 'ವಾಹ' ಇದೆ, ಅದೂ ಒಯ್ಯುವುದೇ. ವಿವಾಹದಲ್ಲೂ ಇದೆ, ವಧುವನ್ನು ಕರೆದೊಯ್ಯುವುದು. ಲ್ಯಾಟಿನ್‌ನಲ್ಲೂ ಹೆಂಡತಿಯನ್ನು 'ಡ್ಯೂಕೆರೆ' ಮಾಡುವುದು ಅಂದರೆ ಮದುವೆಯಾಗುವುದು! ವಾಹನ ಮತ್ತು ವೆಹಿಕಲ್ ಅಂತೂ ದೂರದ ದಾಯಾದಿಗಳು, ಒಂದೇ ಹಳೆಯ ಮೂಲದಿಂದ ಬಂದವು. ನಮ್ಮಲ್ಲಿ ಒಬ್ಬನ ಮನೆಯಲ್ಲಿ ತೆಲುಗು, ಕ್ಯಾಂಪಿನವನು. ಅವನೂ "ನಮ್ಮಲ್ಲೂ ವಾಹಕಮ್, ವಿವಾಹಮ್" ಅಂತ ಸೇರಿಸಿದ.

ಅಕ್ಷರ ಕಂಡಲ್ಲೆಲ್ಲ ನೆಂಟಸ್ತಿಕೆ ಹುಡುಕಿದರೆ ಎಡವುತ್ತೀವಿ. ಬಾತುಕೋಳಿಯ 'ಡಕ್'ನಲ್ಲೂ ಡಿ, ಯು, ಸಿ ಇದೆ, ಆದರೆ ಅದು ಮುಳುಗು ಅನ್ನುವ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು. ನಮ್ಮ 'ವಾಹ್ ವಾಹ್' ಕೂಡ ವಾಹನದ ನೆಂಟ ಅಲ್ಲ.

"ವಾಹಕವೂ ಸಂಸ್ಕೃತ ಅಲ್ವಾ, ಅದೇನು ಕನ್ನಡ?" ಅಂತ ರೂಮ್‌ಮೇಟ್ ಕೇಳಿದ. ಹೌದು. ಆದರೆ ಅರೆವಾಹಕದ 'ಅರೆ' ನಮ್ಮದೇ. ವಾಹನ, ಪ್ರವಾಹ ದಿನಾ ಕೇಳುವ ಪದಗಳಾದ್ದರಿಂದ ವಾಹಕದ ಅರ್ಥ ತಾನಾಗಿ ಹೊಳೆಯುತ್ತೆ. ಎಲ್ಲ ಕಡೆ ಹೀಗಾಗಲ್ಲ ಅನ್ನೋದನ್ನೂ ಒಪ್ಪಬೇಕು. ಇಂಡಕ್ಷನ್‌ಗೆ ಪಠ್ಯಪುಸ್ತಕದ ಕನ್ನಡ 'ಪ್ರೇರಣೆ'. ಅಲ್ಲಿ ವಾಹಕದ ಬಳಗ ಕಾಣಿಸೋದಿಲ್ಲ.

ಪರೀಕ್ಷೆಯನ್ನೇ ಕನ್ನಡದಲ್ಲಿ ಬರೆಯೋಣ ಅಂತ ನಾವು ಹೇಳ್ತಿಲ್ಲ. ನಮಗೇ ಅದು ಆಗಲ್ಲ, ಈ ಲೇಖನವನ್ನೇ ಮೂರು ಜನ ತಿದ್ದಿದ್ದಾರೆ. ವಿಟಿಯು 'ಸಾಂಸ್ಕೃತಿಕ ಕನ್ನಡ'ಕ್ಕೆ ಒಂದು ಕ್ರೆಡಿಟ್ ಕೊಟ್ಟಿದೆ, ಹಿಂದಿನ ರಾತ್ರಿ ಓದಿ ಪಾಸಾದೆವು. ಕನ್ನಡ ಆ ಒಂದು ಪೇಪರಿನಲ್ಲಿ ಮಾತ್ರ ಯಾಕಿರಬೇಕು? ಲ್ಯಾಬ್ ರೆಕಾರ್ಡಿನಲ್ಲಿ ಪ್ರತಿ ಪ್ರಯೋಗದ ಹೆಸರಿನ ಪಕ್ಕ ಮುಖ್ಯ ಪದದ ಮೂಲಾರ್ಥ ಮತ್ತು ಕನ್ನಡ ಪದ, ಎರಡೇ ಸಾಲು ಇರಲಿ. ವೈವಾದಲ್ಲಿ ಅದನ್ನೂ ಕೇಳಲಿ. ಆಗ ಕನ್ನಡ ಮೀಡಿಯಂನಿಂದ ಬಂದವರು ಹಿಂದಿನ ಬೆಂಚಿನಲ್ಲಿ ಬಾಯಿಮುಚ್ಚಿ ಕೂರಬೇಕಾಗಿಲ್ಲ.

ಮುಂದಿನ ಸಂಚಿಕೆಗೆ ಸ್ಟ್ರಕ್ಚರ್, ಕನ್‌ಸ್ಟ್ರಕ್ಟ್, ಇನ್‌ಸ್ಟ್ರಕ್ಷನ್‌ಗಳನ್ನು ಹಿಡಿದಿದ್ದೇವೆ. ಸಿವಿಲ್‌ನವರು ಸಹಾಯಕ್ಕೆ ಬರಬೇಕು. ಅರೆವಾಹಕದ ಗೆಳೆಯ ಆಗಲೇ ಪಟ್ಟಿ ಶುರು ಮಾಡಿದ್ದಾನೆ, ನಾವು ಅವನ ಪಕ್ಕ ಕೂತು ಬರಕೊಳ್ತಿದ್ದೀವಿ.